ಗುಳುಗುಳು ಡಬ್ಬಿಯ ನೀರು

ಅಕ್ಟೋಬರ್ 27

ಫ್ಯೂಸು,

ಇವತ್ತು ನಿಮ್ಮಣ್ಣ ಓಡಿಸ್ತಿದ್ದ ಲಾಂಡ್ರಿ ವ್ಯಾನನ್ನು ನಾನೇ ಓಡಿಸಿಕೊಂಡು ಹೋದೆ. ನಗಬೇಡ. ಲೈಸೆನ್ಸ್ ಮಾಡಿಸಿ ಹನ್ನೊಂದು ವರ್ಷ ಆಯ್ತು, ಒಂದೇ ಒಂದು ದಿನ ಅವರು ಸ್ಟೀರಿಂಗ್ ಕೈಗೆ ಕೊಟ್ಟಿದ್ದರೆ ಕೇಳು. ಅವರು ಹೋಗಿ ಇಪ್ಪತ್ತು ದಿನ. ಆ ಇಪ್ಪತ್ತು ದಿನವೂ ಗಾಡಿ ಲಾಂಡ್ರಿಯ ಹಿಂದೆ ಮುಖ ತಿರುಗಿಸಿಕೊಂಡು ನಿಂತಿತ್ತು. ಮೂರು ಆಸ್ಪತ್ರೆಗೂ ವೃದ್ಧಾಶ್ರಮಕ್ಕೂ ಬಾಡಿಗೆ ಗಾಡಿಯಲ್ಲಿ ಹಾಸಿಗೆ ಬಟ್ಟೆ ಕಳಿಸ್ತಿದ್ದರು. "ನಾನೇ ಓಡಿಸ್ತೀನಿ" ಅಂದೆ. ಯಜಮಾನಿ ನನ್ನ ಮುಖ ನೋಡಿದರು, ನಾನು ನಿಂತಿದ್ದ ಇಸ್ತ್ರಿ ಮೇಜು ನೋಡಿದರು, ಕೀ ಕೊಟ್ಟರು.

ಎರಡನೇ ಆಸ್ಪತ್ರೆಯ ಹಿಂಬಾಗಿಲ ಮೆಟ್ಟಿಲ ಹತ್ತಿರ ಬ್ರೇಕ್ ಒತ್ತಿಬಿಟ್ಟೆ. ಅಲ್ಲೇ ತಾನೆ ಅವರು, ಬಟ್ಟೆ ಗಂಟು ಹೊತ್ತುಕೊಂಡೇ ಎದೆ ಹಿಡ್ಕೊಂಡು ಕುಸಿದದ್ದು. ವಾಚ್‌ಮನ್ "ಸ್ವಲ್ಪ ಈ ಪಕ್ಕ ನಿಲ್ಲಿಸಿ ಅಮ್ಮ" ಅಂದ. ಈ ಪಕ್ಕ ನಿಲ್ಲಿಸಿದೆ. ಗಂಟು ಇಳಿಸಿದೆ. ಅಷ್ಟೇ.

ಈಗ ವಿಷಯಕ್ಕೆ ಬರ್ತೀನಿ. ಬಾನೆಟ್ ಎತ್ತಿದರೆ ಬಲಗಡೆ ಮೂಲೆಯಲ್ಲಿ ನೀವಿಬ್ಬರೂ ಕಟ್ಟಿದ ಹೈಡ್ರೋಜನ್ ಸಂಸಾರ ಇದೆಯಲ್ಲ. ಪೆಟ್ರೋಲ್ ಉಳಿಸೋಕೆ ಅಂತ ನೀರನ್ನು ಒಡೆದು ಗ್ಯಾಸ್ ಮಾಡೋ ಆ ಸ್ಟೀಲ್ ತಟ್ಟೆಗಳ ಸೆಲ್ಲು, ಅದರಿಂದ ಒಂದು ಪೈಪು, ಪೈಪಿನ ತುದಿಗೆ ಅರ್ಧ ನೀರು ತುಂಬಿದ ಪಾರದರ್ಶಕ ಡಬ್ಬಿ, ಅಲ್ಲಿಂದ ಇನ್ನೊಂದು ಪೈಪು ಎಂಜಿನ್ನಿಗೆ. ಆ ಡಬ್ಬಿಗೆ ನೀನು ಬಬ್ಲರ್ ಅಂತೀಯ, ನಿಮ್ಮಣ್ಣ ಗುಳುಗುಳು ಡಬ್ಬಿ ಅಂತಿದ್ದರು. ದಿನಾ ಬೆಳಗ್ಗೆ ಅದರ ಮುಂದೆ ಬಗ್ಗಿ ನಿಲ್ಲೋರು. ನನ್ನ ಮುಖವನ್ನೂ ಅಷ್ಟು ಹೊತ್ತು ನೋಡಿದವರಲ್ಲ. ಈಗ ಅದರ ನೀರು ಕೆಳಗಿನ ಗೀಟಿಗಿಂತ ಎರಡು ಬೆರಳು ಇಳಿದಿದೆ. ಯಾವ ನೀರು ಹಾಕಲಿ? ನಲ್ಲಿ ನೀರು ಆಗುತ್ತಾ? ಎಷ್ಟು ದಿನಕ್ಕೆ ಬದಲಾಯಿಸಬೇಕು? ಬರೆದು ಕಳಿಸು, ಗಾಡಿ ಬಾಗಿಲಿಗೆ ಅಂಟಿಸ್ಕೋತೀನಿ. ನೀನು ಕರೆಂಟ್ ಕೆಲಸ ಮಾಡೋ ಸುರಂಗದ ಸೈಟಿಗೆ ಫೋನು ಸಿಗಲ್ಲ ಅನ್ನೋದು ಒಳ್ಳೇದೇ ಆಯ್ತು. ಫೋನಿನಲ್ಲಿ ಹೇಳಿದ್ದು ನನಗೆ ಅರ್ಧ ದಿನವೂ ನೆನಪಿರಲ್ಲ.

ಅವರು ಹೋದಾಗ ಬರೋಕಾಗಲಿಲ್ಲ ಅಂತ ಕೊರಗಬೇಡ. ಬೆಟ್ಟ ಕುಸಿದು ರಸ್ತೆ ಮುಚ್ಚಿದರೆ ನೀನೇನು ಹಾರಿ ಬರ್ತೀಯಾ?

ನಿನ್ನ ಅತ್ತಿಗೆ


ನವೆಂಬರ್ 4

ಅತ್ತಿಗೆ,

ಪತ್ರ ಮುಟ್ಟಿತು. ನೀವು ಗಾಡಿ ಓಡಿಸ್ತಿದ್ದೀರಿ ಅನ್ನೋದನ್ನು ಮೂರು ಸಲ ಓದಿದೆ.

ನಲ್ಲಿ ನೀರು ಬೇಡವೇ ಬೇಡ. ಬ್ಯಾಟರಿ ಅಂಗಡಿಯಲ್ಲಿ ಬ್ಯಾಟರಿ ನೀರು ಅಂತ ಶುದ್ಧ ಮಾಡಿದ ಸಾದಾ ನೀರು ಕ್ಯಾನಿನಲ್ಲಿ ಸಿಗುತ್ತೆ, ಅದನ್ನು ಹಾಕಿ. ಎರಡು ಗೀಟಿನ ನಡುವೆ ಇರಬೇಕು. ಮೇಲಿನ ಗೀಟು ದಾಟಿದರೆ ಎಂಜಿನ್ ನೀರು ಕುಡಿಯುತ್ತೆ. ಕೆಳಗೆ ಇಳಿದರೆ ಅದಕ್ಕಿಂತ ಕೆಟ್ಟದ್ದು. ಯಾಕೆ ಅಂತ ಹೇಳ್ತೀನಿ, ಗೊತ್ತಿದ್ದರೆ ಒಳ್ಳೇದು. ಎಂಜಿನ್ ಒಂದೊಂದು ಸಲ ಕೆಮ್ಮುತ್ತಲ್ಲ, ಆ ಕೆಮ್ಮಿನಲ್ಲಿ ಕಿಡಿ ಹಿಂದಕ್ಕೆ ಬರಬಹುದು. ಪೈಪಿನಲ್ಲಿ ಇರೋದು ಉರಿಯೋ ಗ್ಯಾಸು. ಕಿಡಿ ಆ ಗ್ಯಾಸನ್ನು ಹಿಡ್ಕೊಂಡು ಸೆಲ್ಲಿನವರೆಗೂ ಓಡುತ್ತೆ. ನಡುವೆ ತಡೆಯೋದು ಡಬ್ಬಿಯ ನೀರು ಒಂದೇ. ನೀರಿಲ್ಲ ಅಂದರೆ ಬಾಗಿಲಿಲ್ಲದ ಮನೆ.

ವಾರಕ್ಕೊಮ್ಮೆ ಬದಲಾಯಿಸಿ. ಬಣ್ಣ ತಿರುಗಿದರೆ ವಾರ ಕಾಯಬೇಡಿ. ಬಗ್ಗಿ ನೋಡುವಾಗ ಅಣ್ಣನ ಕನ್ನಡಕ, ಕೈಗೆ ರಬ್ಬರ್ ಗ್ಲೌಸ್.

ಇನ್ನೊಂದು. ಅಷ್ಟೆಲ್ಲ ತಾಪತ್ರಯ ಯಾಕೆ, ಡ್ಯಾಶ್‌ಬೋರ್ಡಿನ ಕೆಂಪು ಸ್ವಿಚ್ ಆರಿಸಿಬಿಡಿ. ನಾನು ಬಂದಾಗ ನೋಡಿದರಾಯ್ತು. ಗಾಡಿ ಬರೀ ಪೆಟ್ರೋಲಿನಲ್ಲೇ ಓಡುತ್ತೆ.

ಫ್ಯೂಸು


ನವೆಂಬರ್ 13

ಫ್ಯೂಸು,

ನೀನು ಹೇಳಿದ್ದೆಲ್ಲ ಮಾಡಿದೆ, ಸ್ವಿಚ್ ಆರಿಸೋದೊಂದು ಬಿಟ್ಟು. ನೀರಿನ ಬಗ್ಗೆ ಒಂದು ಪುಟ ಬರೆದು ಕೊನೆಗೆ "ಆರಿಸಿಬಿಡಿ" ಅಂದರೆ ಏನರ್ಥ? ಎರಡು ವರ್ಷ ಭಾನುವಾರ ಭಾನುವಾರ ಊಟಕ್ಕೆ ಕರೆದರೂ ಬಾರದೆ ನೀವಿಬ್ಬರೂ ಕಟ್ಟಿದ್ದು. ಈ ವರ್ಷದ ಶುರುವಿನಲ್ಲಿ ಏನೋ ಜಗಳ ಆಯ್ತು ಅಂತ ಗೊತ್ತು, ಏನಂತ ಅವರೂ ಹೇಳಲಿಲ್ಲ, ನೀನೂ ಹೇಳಲಿಲ್ಲ. ಆ ಜಗಳ ಇನ್ನೂ ಡಬ್ಬಿಯ ಮೇಲೆ ಸಾಗ್ತಿದೆಯಾ? ಅವರಿಲ್ಲ, ಈಗಲಾದರೂ ಬಿಡು.

ಹಳೇ ನೀರು ಚೆಲ್ಲುವಾಗ ಬೆರಳಲ್ಲಿ ಮುಟ್ಟಿ ನೋಡಿದೆ. ಬೆರಳುಗಳ ನಡುವೆ ಜಾರುತ್ತೆ, ನಮ್ಮ ಸೋಡಾ ತೊಟ್ಟಿಯ ನೀರಿನ ಹಾಗೆ. ಹದಿನಾರು ವರ್ಷ ಲಾಂಡ್ರಿಯಲ್ಲಿ ಇರೋಳಿಗೆ ಅದು ತಿಳಿಯಲ್ವಾ? ಸಾದಾ ನೀರು ಅಂದೆ, ಒಳಗೆ ಸೋಡಾ ಖಾರ ಎಲ್ಲಿಂದ ಬಂತು?

ಮುಚ್ಚಳ ತೆಗೆಯೋಕೆ ಅರ್ಧ ಗಂಟೆ ಬೇಕಾಯ್ತು. ಗ್ಯಾಸ್ ಸೋರುತ್ತೆ ಅಂತ ನಿಮ್ಮಣ್ಣ ಸುತ್ತ ಅಂಟು ಮೆತ್ತಿ, ಮೇಲೆ ಟೇಪು ಸುತ್ತಿದ್ದರು. ನಾನೂ ಹಾಗೇ ಮತ್ತೆ ಬಿಗಿಯಾಗಿ ಸುತ್ತಿದ್ದೀನಿ, ಚಿಂತೆ ಬೇಡ.

ರಿವರ್ಸ್ ಮಾತ್ರ ಬರ್ತಿಲ್ಲ. ನಿನ್ನೆ ವೃದ್ಧಾಶ್ರಮದ ಗೇಟಿಗೆ ಮುತ್ತು ಕೊಟ್ಟೆ. ಒಳಗಿನ ಅಜ್ಜಂದಿರೆಲ್ಲ ಎದ್ದು ಬಂದು ಎಡಕ್ಕೆ ಬಲಕ್ಕೆ ಅಂತ ಒಬ್ಬೊಬ್ಬರು ಒಂದೊಂದು ಹೇಳಿದರು. ಅವರಿಗೆ ಒಳ್ಳೇ ಬೆಳಗ್ಗೆ, ನನಗೆ ಬೆವರು.

ಅತ್ತಿಗೆ


ನವೆಂಬರ್ 20

ಅತ್ತಿಗೆ,

ದಯವಿಟ್ಟು ಇನ್ನು ಮೇಲೆ ಆ ನೀರಿಗೆ ಬೆರಳು ಅದ್ದಬೇಡಿ. ಸೆಲ್ಲಿನ ಒಳಗೆ ಕಾಸ್ಟಿಕ್ ಸೋಡಾ ಇದೆ, ಚರ್ಮ ಸುಡೋದು. ಗ್ಯಾಸಿನ ಜೊತೆ ಅದರ ಹನಿ ಹಾರಿ ಬಂದು ಡಬ್ಬಿಯ ನೀರಲ್ಲಿ ಸೇರುತ್ತೆ. ಹಾಗಾಗಿಯೇ ಆ ನೀರನ್ನು ಬದಲಾಯಿಸೋದು. ಕಣ್ಣಿಗೆ ಬಿದ್ದರೆ ಕಣ್ಣೇ ಹೋಗುತ್ತೆ.

ಮುಚ್ಚಳ. ಇವತ್ತೇ ಟೇಪು ಬಿಚ್ಚಿ. ಅಂಟು ಪೂರ್ತಿ ಕೆರೆದು ತೆಗೀರಿ. ಮುಚ್ಚಳ ಸುಮ್ಮನೆ ಒತ್ತಿ ಕೂರಿಸಿರಬೇಕು, ಹೆಬ್ಬೆರಳಲ್ಲಿ ತಳ್ಳಿದರೆ ಬಿಚ್ಚಿಕೊಳ್ಳಬೇಕು. ಕಿಡಿ ಬಂದ ದಿನ ಆ ಒತ್ತಡ ಎಲ್ಲಿಂದಾದರೂ ಹೊರಗೆ ಹೋಗಲೇಬೇಕಲ್ಲ? ಮುಚ್ಚಳ ಹಾರಿದರೆ ಮುಚ್ಚಳ ಹೋಯ್ತು. ಮುಚ್ಚಳ ಹಾರದಿದ್ದರೆ ಡಬ್ಬಿಯೇ ಚೂರಾಗುತ್ತೆ, ನಿಮ್ಮ ಮುಖದ ಮುಂದೆ. ಇದನ್ನು ಅಣ್ಣನಿಗೆ ನೂರು ಸಲ ಹೇಳಿದ್ದೆ.

ಸಾಮಾನಿನ ಲಾರಿ ನಾಳೆ ಬೆಳಗ್ಗೆ ಹೊರಡುತ್ತೆ. ನಿಮ್ಮ ಕೈಗೆ ಇದು ಸಿಗೋಕೆ ಆರು ದಿನ, ಏಳು ದಿನ. ಅಷ್ಟು ದಿನ ನೀವು ಆ ಅಂಟಿನ ಜೊತೆ ಓಡಾಡ್ತೀರಿ ಅನ್ನೋದು ನನಗೆ ಕೂತಲ್ಲಿ ಕೂರೋಕೆ ಬಿಡ್ತಿಲ್ಲ.

ಫ್ಯೂಸು

ಮರೆತೆ. ಕೀ ಆರಿಸಿದಾಗ ಡ್ಯಾಶ್‌ಬೋರ್ಡಿನ ಚಿಕ್ಕ ಮೀಟರಿನ ಮುಳ್ಳು ಸೊನ್ನೆಗೆ ಬೀಳುತ್ತಾ? ಬೀಳದಿದ್ದರೆ ಗಾಡಿ ನಿಂತ ಮೇಲೂ ಗ್ಯಾಸ್ ಬರ್ತಿದೆ ಅಂತ ಅರ್ಥ, ಬ್ಯಾಟರಿ ತಂತಿ ಕಿತ್ತುಬಿಡಿ. ಜಗಳ ಡಬ್ಬಿಯ ಮೇಲೆ ಅಲ್ಲ.


ನವೆಂಬರ್ 22

ಫ್ಯೂಸು,

ನಿನ್ನ ಉತ್ತರ ಬರೋ ಮುಂಚೆ ಇನ್ನೊಂದು ಕಾಗದ. ಇಲ್ಲಿ ಬೆಟ್ಟದ ಚಳಿ ಜೋರಾಗಿದೆ. ನಿನ್ನೆ ಬೆಳಗ್ಗೆ ನೋಡಿದರೆ ಡಬ್ಬಿಯ ನೀರಿನ ಮೇಲೆ ಮಂಜುಗಡ್ಡೆಯ ಪದರ! ಗುಳುಗುಳು ನಿಂತುಹೋಗಿತ್ತು. ಮೂರನೇ ಆಸ್ಪತ್ರೆಯ ಕಾಂಪೌಂಡರ್ ಬುದ್ಧಿವಂತ, "ಸ್ವಲ್ಪ ಸ್ಪಿರಿಟ್ ಬೆರೆಸಿ ಅಕ್ಕ, ಹೆಪ್ಪುಗಟ್ಟಲ್ಲ" ಅಂತ ಒಂದು ಬಾಟಲಿ ಕೊಟ್ಟ. ಇಂಜೆಕ್ಷನ್ ಕೊಡೋ ಮುಂಚೆ ತೋಳಿಗೆ ಒರೆಸ್ತಾರಲ್ಲ, ಅದೇ. ಒಂದು ಲೋಟದಷ್ಟು ಹಾಕಿದೆ. ಈಗ ನೀರು ಕುಣೀತಾ ಇದೆ. ಬಾನೆಟ್ ಎತ್ತಿದರೆ ಆಸ್ಪತ್ರೆ ವಾಸನೆ.

ನಿನ್ನನ್ನು ಕೇಳದೆ ಮೊದಲ ಸಲ ನಾನೇ ಒಂದು ರಿಪೇರಿ ಮಾಡಿದೆ. ಮೆಚ್ಚಿ ಎರಡು ಮಾತು ಬರಿ.

ಅತ್ತಿಗೆ


ನವೆಂಬರ್ 29

ಅತ್ತಿಗೆ,

ಗಾಡಿ ಹೊರಗೆ ತೆಗೀಬೇಡಿ. ಸ್ಪಿರಿಟ್ ಪೆಟ್ರೋಲಿನ ಹಾಗೇ ಉರಿಯುತ್ತೆ. ಬೆಂಕಿ ತಡೆಯಲಿ ಅಂತ ಇಟ್ಟ ನೀರಿಗೆ ನೀವು ಬೆಂಕಿಯನ್ನೇ ಬೆರೆಸಿದ್ದೀರಿ. ಎಂಜಿನ್ ತಣ್ಣಗಿರುವಾಗ, ಬಯಲಲ್ಲಿ, ಹತ್ತಿರ ಯಾರೂ ಬೀಡಿ ಸೇದದ ಜಾಗದಲ್ಲಿ ಅದನ್ನು ಚೆಲ್ಲಿ. ಎರಡು ಸಲ ತೊಳೀರಿ. ಸ್ವಿಚ್ ಆರಿಸಿ, ಹಾಗೇ ಆರಿರಲಿ.

ಸೈಟ್ ಆಫೀಸಿನ ವೈರ್‌ಲೆಸ್‌ನಲ್ಲಿ ನಿಮ್ಮ ಲಾಂಡ್ರಿಗೆ ಒಂದು ಮಾತು ಮುಟ್ಟಿಸಿ ಅಂತ ಕೇಳಿದೆ. ಆಪರೇಟರ್ "ಸಾವಿನ ಸುದ್ದಿಗೆ ಮಾತ್ರ" ಅಂದ. "ಆಗೋ ಮುಂಚೆ ಹೇಳೋಕೇ ಕೇಳ್ತಿರೋದು" ಅಂದೆ. ಅವನು ನಕ್ಕ. ನಾನು ಅವನ ಕುರ್ಚಿ ಒದ್ದೆ. ಈಗ ಆಫೀಸಿನ ಒಳಗೆ ನನ್ನನ್ನು ಬಿಡಲ್ಲ.

ಮುಟ್ಟಿದ ತಕ್ಷಣ ಒಂದು ಸಾಲು ಬರೀರಿ.

ಫ್ಯೂಸು


ಡಿಸೆಂಬರ್ 16

ಫ್ಯೂಸು,

ಎರಡು ಪತ್ರವೂ ಸಿಕ್ಕವು. ಸ್ಪಿರಿಟ್ ಚೆಲ್ಲಿದೆ. ಅಂಟು ಕೆರೆದೆ. ಎಲ್ಲ ಸರಿಯಾಗಿದೆ. ಮೀಟರಿನ ಮುಳ್ಳು ಸೊನ್ನೆಗೆ ಬೀಳುತ್ತೆ.

ಅಕ್ಷರ ಸೊಟ್ಟ ಇದೆ, ಸ್ಟೀರಿಂಗ್ ಮೇಲೆ ಇಟ್ಟು ಬರೀತಿದ್ದೀನಿ.

ಜಗಳ ಡಬ್ಬಿಯ ಮೇಲೆ ಅಲ್ಲ ಅಂದೆ. ಮತ್ತೆ ಯಾವುದರ ಮೇಲೆ?

ಅತ್ತಿಗೆ


ಡಿಸೆಂಬರ್ 24

ಅತ್ತಿಗೆ,

ಇಪ್ಪತ್ತೈದು ದಿನ ಕಾದು ಆ ನಾಲ್ಕು ಸಾಲು ಸಿಕ್ಕಿದವು. ಕೋಪ ಬಂದಿದೆ ಅಂತ ಅರ್ಥವಾಯ್ತು. ಬರಲೇಬೇಕು. ನಾನು ಮೇಸ್ತ್ರಿ ಥರ ಅದು ಮಾಡಿ ಇದು ಮಾಡಿ ಅಂತ ಗದರಿಸಿ ಬರೆದುಬಿಟ್ಟೆ. ನೀವು ಇಡೀ ದಿನ ಗಂಟು ಹೊತ್ತು, ಗಾಡಿ ಓಡಿಸಿ ಬಂದು ಕೂತಾಗ ನನ್ನ ಬೈಗುಳ ಓದಬೇಕಾ? ತಪ್ಪಾಯ್ತು. ಚೆನ್ನಾಗಿ ರಿಪೇರಿ ಮಾಡಿದ್ದೀರಿ ಅಂತ ಬರೆಯೋಕಾಗಲ್ಲ, ಆದರೆ ಧೈರ್ಯ ಮೆಚ್ಚಿದೆ.

ಇಲ್ಲಿ ಸುರಂಗ ದಿನಕ್ಕೆ ಮೂರು ಮೀಟರ್ ಮುಂದೆ ಹೋಗುತ್ತೆ. ನನ್ನ ಕೆಲಸ ಅದರ ಹಿಂದೆ ದೀಪ ಎಳ್ಕೊಂಡು ಹೋಗೋದು. ಮುಂದೆ ಅಗೆಯೋರಿಗೆ ಬೆಳಕು ಬೇಕು ಅಂತ ಎಲ್ಲರೂ ನನ್ನನ್ನೇ ಕೂಗ್ತಾರೆ. ಊಟ ಸೇರ್ತಿಲ್ಲ. ಕೂತರೆ ಎದ್ದು ಓಡಾಡಬೇಕು ಅನ್ನಿಸುತ್ತೆ, ಓಡಾಡಿದರೆ ಎಲ್ಲಿಗೆ ಅಂತ ತಿಳಿಯಲ್ಲ.

ಜಗಳದ ವಿಷಯ ಎದುರಿಗೆ ಕೂತೇ ಹೇಳಬೇಕು.

ಫ್ಯೂಸು

(ಕೆಳಗೆ ಎರಡು ಸಾಲು ನಾನೇ ಹೊಡೆದುಹಾಕಿದ್ದು. ಕೈತಪ್ಪಿ ಏನೋ ಬರೆದುಬಿಟ್ಟಿದ್ದೆ. ಬೇರೆ ಹಾಳೆ ಇರಲಿಲ್ಲ.)


ಜನವರಿ 3

ಫ್ಯೂಸು,

ಕೋಪ ಇರಲಿಲ್ಲ. ಹೋದ ಪತ್ರ ಎಡಗೈಯಲ್ಲಿ ಬರೆದದ್ದು.

ಡಿಸೆಂಬರ್ ಎಂಟನೇ ತಾರೀಖು. ಸ್ಪಿರಿಟ್ ಚೆಲ್ಲಿ, ಹೊಸ ನೀರು ಹಾಕಿ ಎರಡನೇ ದಿನ. ಸ್ವಿಚ್ ಆರಿಸು ಅಂತ ನೀನಂದಿದ್ದೆ, ನಾನು ಆರಿಸಿರಲಿಲ್ಲ, ಅದು ನನ್ನ ತಪ್ಪು. ಮೊದಲನೇ ಆಸ್ಪತ್ರೆಯ ಅಂಗಳದಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಓಡ್ತಿರೋವಾಗಲೇ ಬಾನೆಟ್ ಎತ್ತಿ, ಗುಳುಗುಳು ಚೆನ್ನಾಗಿ ಬರ್ತಿದೆಯಾ ಅಂತ ಡಬ್ಬಿ ಹಿಡಿದು ನೋಡ್ತಿದ್ದೆ. ಎಂಜಿನ್ ಒಂದು ಸಲ ಕೆಮ್ಮಿತು. ಆಮೇಲೆ ಪಟಾಕಿ ಸಿಡಿದ ಹಾಗೆ ಒಂದೇ ಸದ್ದು. ಮುಚ್ಚಳ ಬಾನೆಟ್ಟಿಗೆ ಬಡಿದು ಎಲ್ಲೋ ಹಾರಿತು, ನೀರೆಲ್ಲ ನನ್ನ ಬಲಗೈ ಮೇಲೆ. ಕಿವಿಯಲ್ಲಿ ಶಿಳ್ಳೆ. ಮೊದಲು ತಣ್ಣಗೆ ಅನ್ನಿಸಿತು, ಆಮೇಲೆ ಉರಿ. ನರ್ಸ್ ಓಡಿಬಂದು ಅರ್ಧ ಗಂಟೆ ನಲ್ಲಿಯ ಕೆಳಗೆ ಕೈ ಹಿಡಿದು ನಿಲ್ಲಿಸಿದಳು. "ಏನು ನೀರಮ್ಮ ಇದು?" ಅಂದಳು. "ನಮ್ಮ ಮನೆಯವರು ಇಟ್ಟಿದ್ದು" ಅಂದೆ. ಬೇರೇನೂ ಹೊಳೀಲಿಲ್ಲ.

ಅಂಗೈ ಚರ್ಮ ಎದ್ದುಹೋಯ್ತು. ಈಗ ಹೊಸದು ಬರ್ತಿದೆ, ಮಗುವಿನ ಚರ್ಮದ ಥರ ಕೆಂಪಗೆ. ಕಣ್ಣಿಗೇನೂ ಆಗಿಲ್ಲ, ನೀನು ಹೇಳಿದ್ದೆ ಅಂತ ಕನ್ನಡಕ ಹಾಕ್ಕೊಂಡಿದ್ದೆ, ಗ್ಲೌಸ್ ಹಾಕಿರಲಿಲ್ಲ. ಅಂಟು ಕೆರೆದಿದ್ದು ಅದಕ್ಕೆ ಕೆಲವೇ ದಿನ ಮುಂಚೆ. ಕೆರೆಯದಿದ್ದರೆ ಈ ಪತ್ರ ಬರೆಯೋಕೆ ಯಾವ ಕೈಯೂ ಇರ್ತಿರಲಿಲ್ಲ. ನಿನಗೆ ಹೇಳಿದರೆ ಇನ್ನೊಂದು ಕುರ್ಚಿ ಒದೀತೀಯ ಅಂತ ಮುಚ್ಚಿಟ್ಟೆ. ಅಂದಿನಿಂದ ಸ್ವಿಚ್ ಆರಿದೆ.

ಈಗ ಎರಡು ವಿಷಯ. ಬೇಕರಿಯವನು ಬಂದಿದ್ದ. ನಿಮ್ಮಣ್ಣ ಅವನ ಗಾಡಿಗೂ ಇಂಥದ್ದೇ ಕಟ್ಟಿಕೊಡ್ತೀನಿ ಅಂದಿದ್ದರಂತೆ. "ಐದರಲ್ಲಿ ಒಂದು ಪಾಲು ಪೆಟ್ರೋಲ್ ಉಳೀತು ಅಂತ ಅವರು ಅಳೆದು ನೋಡಿದ್ದರಲ್ಲ ಅಕ್ಕ, ನಿಮ್ಮ ಮೈದುನನ್ನ ಕರೆಸಿ" ಅಂದ. ಅದೇ ಗಾಡಿಯಲ್ಲಿ ಅವನು ಮೂರು ಮಕ್ಕಳನ್ನು ಶಾಲೆಗೆ ಬಿಡ್ತಾನೆ. ಏನು ಹೇಳಲಿ?

ಎರಡನೇದು. ನೀನು ಹೊಡೆದುಹಾಕಿದ ಸಾಲನ್ನು ಕಿಟಕಿ ಗಾಜಿಗೆ ಹಿಡಿದು ಓದಿದೆ. "ಅದು ಕೆಲಸ ಮಾಡಲ್ಲ ಅತ್ತಿಗೆ" ಅಂತಿದೆ. ಅದರ ಕೆಳಗಿನದು ಓದೋಕಾಗಲಿಲ್ಲ. ಅದನ್ನು ಬರಿ. ಎದುರಿಗೆ ಕೂತು ಹೇಳ್ತೀನಿ ಅನ್ನೋ ಮಾತು ಬೇಡ, ನೀನು ಎದುರಿಗೆ ಬರೋನಲ್ಲ ಅಂತ ನನಗೆ ಯಾಕೋ ಅನ್ನಿಸ್ತಿದೆ.

ಅತ್ತಿಗೆ


ಜನವರಿ 12

ಅತ್ತಿಗೆ,

ನಿಮ್ಮ ಕೈ ಬಗ್ಗೆ ಓದಿ ಆಚೆ ಹೋಗಿ ಕಲ್ಲಿನ ಮೇಲೆ ಕೂತೆ. ಬರೀತೀನಿ. ಇವತ್ತು ಹೊಡೆದುಹಾಕಲ್ಲ.

ಅದು ಕೆಲಸ ಮಾಡಲ್ಲ. ಗ್ಯಾಸ್ ಬರುತ್ತೆ, ಗುಳುಗುಳು ಬರುತ್ತೆ, ಉಳಿತಾಯ ಬರಲ್ಲ. ನೀರನ್ನು ಒಡೆಯೋ ಕರೆಂಟು ಬ್ಯಾಟರಿಯಿಂದ, ಬ್ಯಾಟರಿಗೆ ಎಂಜಿನ್ನಿಂದ, ಎಂಜಿನ್ನಿಗೆ ಪೆಟ್ರೋಲಿನಿಂದ. ಎಡಗೈಯಿಂದ ಕೊಟ್ಟು ಬಲಗೈಯಲ್ಲಿ ಇಸ್ಕೊಳ್ಳೋದು, ನಡುವೆ ಒಂದಿಷ್ಟು ಚೆಲ್ಲೋದು. ಅಷ್ಟೇ ಅದರ ಕಥೆ.

ಇದು ನನಗೆ ಮೊದಲೇ ಗೊತ್ತಿತ್ತು. ಆಚೆ ವರ್ಷ ಅಳತೆ ನೋಡಿದ ದಿನ ನೋಟ್‌ಬುಕ್ಕು ನನ್ನ ಕೈಯಲ್ಲಿತ್ತು. ಸ್ವಿಚ್ ಹಾಕಿ ಒಂದು ಸುತ್ತು, ಆರಿಸಿ ಒಂದು ಸುತ್ತು, ಎರಡರಲ್ಲೂ ಅಷ್ಟೇ ಪೆಟ್ರೋಲ್. ಅಣ್ಣ ಬಾನೆಟ್ ಹಿಡ್ಕೊಂಡು ನಿಂತಿದ್ದ, ಮೂಗಿನ ಮೇಲೆ ಮಸಿ, ಪರೀಕ್ಷೆಯ ರಿಸಲ್ಟ್ ಕೇಳೋಕೆ ನಿಂತ ಹಾಗೆ. "ಏನಾಯ್ತೋ?" ಅಂದ. ನನ್ನ ಬಾಯಿಂದ "ಐದರಲ್ಲಿ ಒಂದು ಪಾಲು ಉಳೀತಣ್ಣ" ಅಂತ ಬಂತು. ಅವನು ನನ್ನನ್ನು ಎತ್ತಿಕೊಂಡುಬಿಟ್ಟ ಅತ್ತಿಗೆ. ಮೂವತ್ತೈದು ವರ್ಷದವನನ್ನು. ಆ ಸುಳ್ಳನ್ನು ನಾಳೆ ಹೇಳ್ತೀನಿ, ಭಾನುವಾರ ಹೇಳ್ತೀನಿ ಅಂದುಕೊಳ್ತಾ ಆರು ತಿಂಗಳು ಕಳೆದೆ.

ಆಮೇಲೆ ಬೇಕರಿಯವನು ಬಂದ, ಆಂಬ್ಯುಲೆನ್ಸ್ ಡ್ರೈವರ್ ಬಂದ. ಅವರಿಗೂ ಕಟ್ಟಿಕೊಡೋಣ ಅಂತ ಅಣ್ಣ ಹೊರಟಾಗ ಹೇಳಿದೆ. ಅವನು ಕೂಗಾಡಿದ್ದರೆ ಚೆನ್ನಾಗಿತ್ತು. ಕೈ ಒರೆಸಿಕೊಂಡು "ಹೊಟ್ಟೆಕಿಚ್ಚು ಇದ್ದರೆ ನೇರ ಹೇಳು, ನನ್ನ ಕೆಲಸ ಸುಳ್ಳು ಅನ್ನಬೇಡ" ಅಂದ. ಮಾರನೇ ವಾರವೇ ಈ ಸೈಟಿಗೆ ಹೆಸರು ಕೊಟ್ಟೆ. ಏಳು ತಿಂಗಳು ಮಾತಿಲ್ಲ. ಆಮೇಲೆ ಅಕ್ಟೋಬರ್.

ಇನ್ನೂ ಒಂದಿದೆ. ಬೆಟ್ಟ ಕುಸಿದದ್ದು ನಿಜ. ರಸ್ತೆ ಮುಚ್ಚಿದ್ದು ಒಂದೇ ದಿನ. ಮಾರನೇ ದಿನ ಬೆಳಗ್ಗೆ ಲಾರಿ ಹೊರಟಿತು, ಡ್ರೈವರ್ ಬಾಗಿಲು ತೆಗೆದು "ಹತ್ತು" ಅಂದ. ನಾನು ಹತ್ತಲಿಲ್ಲ. ಮುಖ ತೋರಿಸೋಕಾಗಲಿಲ್ಲ, ಅಣ್ಣನಿಗೂ, ನಿಮಗೂ. ನೀವು "ಹಾರಿ ಬರ್ತೀಯಾ" ಅಂತ ಬರೆದಿದ್ದಿರಿ. ಅದನ್ನು ಮೂರು ಸಲ ಅಲ್ಲ, ಲೆಕ್ಕವಿಲ್ಲದಷ್ಟು ಸಲ ಓದಿದೆ.

ಬೇಕರಿಯವನಿಗೆ ಬೇಡ ಅನ್ನಿ. ಅದನ್ನು ನನ್ನ ಮೇಲೆ ಹಾಕಿ ಹೇಳಿ.

ಫ್ಯೂಸು


ಜನವರಿ 30

ಅತ್ತಿಗೆ,

ಪತ್ರ ಮುಟ್ಟಿತಾ? ಲಾರಿ ಬಂದಾಗಲೆಲ್ಲ ಕೇಳ್ತಿದ್ದೀನಿ. ಬೈದಾದರೂ ಬರೀರಿ. ಸೆಲ್ಲು ಬಿಚ್ಚೋದಾದರೆ ಮೊದಲು ಬ್ಯಾಟರಿ ತಂತಿ, ಆಮೇಲೆ ಮುಚ್ಚಳ, ಆಮೇಲೆ ಪೈಪು. ಒಬ್ಬರೇ ಮಾಡಬೇಡಿ.

ಫ್ಯೂಸು


ಫೆಬ್ರವರಿ 8

ಅತ್ತಿಗೆ,

ಕೈ ಹೇಗಿದೆ ಅಂತ ಒಂದೇ ಸಾಲು.

ಫ್ಯೂಸು


ಫೆಬ್ರವರಿ 14

ಫ್ಯೂಸು,

ಮೂರು ಪತ್ರವೂ ಮೇಜಿನ ಮೇಲಿವೆ. ಒಂದು ತಿಂಗಳು ನಿನಗೆ ಬರೆಯೋಕೆ ಕೂತು ಎದ್ದಿದ್ದೀನಿ. ಬರೆದರೆ ಬೈಗುಳ ಬರ್ತಿತ್ತು, ಬರೆಯದಿದ್ದರೆ ಒಳಗೆ ಕುದೀತಿತ್ತು. ಲಾಂಡ್ರಿಯಲ್ಲಿ ಎಷ್ಟು ಜನಕ್ಕೆ ಹೇಳಿದ್ದೆ ಗೊತ್ತಾ, ರಸ್ತೆ ಕುಸಿದಿದೆ, ಇಲ್ಲದಿದ್ದರೆ ನಮ್ಮ ಹುಡುಗ ಬರಿಗಾಲಲ್ಲಿ ಓಡಿ ಬರ್ತಿದ್ದ ಅಂತ! ಸುಳ್ಳಿಗಿಂತ ಅದು ಹೆಚ್ಚು ಚುಚ್ಚಿತು. ಅಳತೆಯ ಸುಳ್ಳನ್ನು ನಾನೂ ಹೇಳಿರ್ತಿದ್ದೆನೇನೋ. ಆ ಮುಖ ನಾನೂ ನೋಡಿದ್ದೀನಿ.

ನನ್ನದೂ ಒಂದಿದೆ. ನವೆಂಬರಿನಲ್ಲಿ ಒಂದು ವಾರ ಸ್ವಿಚ್ ಹಾಕೋದೇ ಮರೆತಿದ್ದೆ. ಆ ವಾರವೂ ಟ್ಯಾಂಕು ಅಷ್ಟೇ ದಿನ ಬಂತು. ಅವತ್ತೇ ಗೊತ್ತಾಯ್ತು. ಗೊತ್ತಾದ ಮೇಲೂ ಸ್ವಿಚ್ ಹಾಕಿದೆ, ನೀರು ಹೀಗಿದೆ ಹಾಗಿದೆ ಅಂತ ನಿನಗೆ ಬರೆದೆ. ಇಲ್ಲಿ ಜನ ನನ್ನ ಮುಂದೆ ನಿಮ್ಮಣ್ಣನ ಮಾತು ಬಂದರೆ ಬೇರೆ ಮಾತಿಗೆ ಹೋಗ್ತಾರೆ. ಅವರು ಮಾಡಿದ ಕೆಲಸದ ಬಗ್ಗೆ, ಅವರ ಗೀಟಿನ ಬಗ್ಗೆ, ಅಂಟಿನ ಬಗ್ಗೆ ಪುಟಗಟ್ಟಲೆ ಬರೆಯೋನು ನೀನೊಬ್ಬನೇ ಇದ್ದೆ. ನೀರಿನ ಪ್ರಶ್ನೆ ಮುಗಿದರೆ ನಿನ್ನ ಪತ್ರವೂ ಮುಗಿಯುತ್ತೆ ಅಂದುಕೊಂಡೆ. ಅದಕ್ಕೆ ಈ ಕೈ ಸುಟ್ಟುಕೊಂಡೆ.

ಅವರಿಗೆ ಕೊನೆಗೆ ತಿಳಿದಿತ್ತಾ, ನಿನ್ನ ಮೇಲಿನ ಸಿಟ್ಟು ಇಳಿದಿತ್ತಾ, ನನಗೆ ಗೊತ್ತಿಲ್ಲ. ಇಳಿದಿತ್ತು ಅಂತ ಬರೆದರೆ ನಿನಗೆ ಹಗುರವಾಗುತ್ತೆ. ಬರೆಯಲ್ಲ. ಇಬ್ಬರ ನಡುವೆ ಸುಳ್ಳು ಸಾಕು.

ಬೇಕರಿಯವನು ಮತ್ತೆ ಬಂದ. ಕೈ ತೋರಿಸಿದೆ. "ಏನೂ ಉಳಿಯಲ್ಲಪ್ಪ, ನಮ್ಮ ಮನೆಯವರು ತಪ್ಪು ತಿಳ್ಕೊಂಡಿದ್ದರು" ಅಂದೆ. ಅವರು ಹೋದ ಮೇಲೆ ನಾನು ಆಡಿದ ಮಾತುಗಳಲ್ಲಿ ಅದರಷ್ಟು ಕಷ್ಟದ್ದು ಇನ್ನೊಂದಿಲ್ಲ. ನಿನ್ನ ಸುಳ್ಳಿನ ವಿಷಯ ಎತ್ತಲಿಲ್ಲ. ಅದು ಮನೆ ಮಾತು.

ಮೊನ್ನೆ ಬಿಚ್ಚಿದೆ. ನೀನು ಹೇಳಿದ ಕ್ರಮದಲ್ಲೇ. ಲಾಂಡ್ರಿಯ ಬಾಯ್ಲರ್ ನೋಡಿಕೊಳ್ಳೋನು ಜೊತೆಗಿದ್ದ. ಸೆಲ್ಲಿನ ನೀರನ್ನು ಕ್ಯಾನಿಗೆ ಬಗ್ಗಿಸಿದ, ಎಂಜಿನ್ನಿನ ತೂತಿಗೆ ರಬ್ಬರ್ ಬಿರಡೆ ಬಡಿದ. ಮುಕ್ಕಾಲು ಗಂಟೆ. ಎರಡು ವರ್ಷದ ಭಾನುವಾರಗಳು ಒಂದು ತರಕಾರಿ ಬುಟ್ಟಿಯಲ್ಲಿ ಹಿಡಿಸಿದವು.

ಇವತ್ತು ವೃದ್ಧಾಶ್ರಮಕ್ಕೆ ಹೋದೆ. ಏರು ಇದೆಯಲ್ಲ, ಅಲ್ಲಿ ಗಾಡಿ ಎಂದಿನ ಹಾಗೇ ಹತ್ತಿತು, ಏನೂ ಕಳಕೊಳ್ಳದ ಹಾಗೆ. ಮೇಲೆ ತಲುಪಿದ ಕೂಡಲೇ ನನಗೆ ಅಳು ಬಂತು ನೋಡು. ಅಕ್ಟೋಬರಿನಿಂದ ಒಂದು ಹನಿ ಇರಲಿಲ್ಲ. ಸ್ಟೀರಿಂಗ್ ಮೇಲೆ ತಲೆ ಇಟ್ಟು ಅತ್ತೆ. ಒಬ್ಬ ಅಜ್ಜ ಗಾಜು ತಟ್ಟಿ "ಗಾಡಿ ಕೆಟ್ಟಿತಾ ಮಗಾ?" ಅಂದರು. "ಇಲ್ಲ ಅಜ್ಜ, ಗಾಡಿ ಚೆನ್ನಾಗಿದೆ" ಅಂದೆ. ಅವರು ಗಾಡಿಗೆ ಒರಗಿಕೊಂಡು ನಾನು ಮುಗಿಸೋವರೆಗೂ ನಿಂತಿದ್ದರು. ಆಮೇಲೆ ರಿವರ್ಸ್ ಹೇಳಿಕೊಟ್ಟರು.

ಇನ್ನು ಡಬ್ಬಿಯಿಲ್ಲ, ನೀರಿನ ಪ್ರಶ್ನೆಯೂ ಇಲ್ಲ. ಬರೆಯೋದಿದ್ದರೆ ಬೇರೆ ಏನಾದರೂ ಬರಿ. ನೀನು ಅತ್ತಿದ್ದೀಯಾ?

ಅತ್ತಿಗೆ


ಫೆಬ್ರವರಿ 22

ಅತ್ತಿಗೆ,

ಇಲ್ಲ. ನಿಮ್ಮ ಪತ್ರ ಓದೋವರೆಗೂ ಇಲ್ಲ.

ಇವತ್ತು ಬೆಳಗ್ಗೆ ಸೂಪರ್‌ವೈಸರ್ ಹತ್ತಿರ ರಜೆ ಕೇಳೋಕೆ ಹೋದೆ. "ದೀಪದೋನು ಹೋದರೆ ಕೆಲಸ ನಿಲ್ಲುತ್ತೆ, ಕಾರಣ ಏನು?" ಅಂದರು. "ಅಣ್ಣ ತೀರಿಕೊಂಡಿದ್ದಾನೆ" ಅಂದೆ. ಕುರ್ಚಿಯಿಂದ ಎದ್ದುಬಿಟ್ಟರು. "ಯಾವಾಗ?" ಅಂದರು.

"ನಾಲ್ಕೂವರೆ ತಿಂಗಳಾಯ್ತು ಸಾರ್" ಅಂದೆ.

ಮತ್ತೆ ಕೂತರು. ಎಷ್ಟು ದಿನ ಅಂತಲೂ ಕೇಳದೆ ಸಹಿ ಹಾಕಿದರು.

ಈ ಪತ್ರ ಹೋಗೋ ಲಾರಿಯನ್ನೇ ನಾನೂ ಹತ್ತುತ್ತಿದ್ದೀನಿ. ಯಾವುದು ಮೊದಲು ಮುಟ್ಟುತ್ತೋ ಗೊತ್ತಿಲ್ಲ. ಬೈಯೋದಿದ್ದರೆ ಎದುರಿಗೇ ಬೈಯಿರಿ.

ಫ್ಯೂಸು